ಕುರ್ಚಿಯವರ ಚಳಿಗಾಲ

ಡಿಸೆಂಬರ್ 28, ಶನಿವಾರ

ಮಂಡಿ 80 ಡಿಗ್ರಿ.

ಫಿಸಿಯೊ ಹುಡುಗಿ ಈ ಪುಸ್ತಕ ಕೈಗಿಟ್ಟು, "ಮಂಡಿ ದಿನಾ ಎಷ್ಟು ಬಗ್ಗತ್ತೆ ಅಂತ ಅಳೆದು ಬರೀರಿ. ಕೆಳಗೆ ಮನಸ್ಸಿಗೆ ಹೇಗನ್ನಿಸ್ತು ಅಂತಲೂ ಒಂದು ಸಾಲು ಬರೀರಿ. ಯಾರೂ ಓದಲ್ಲ" ಎಂದಳು. ಮನಸ್ಸಿಗೆ ಕೆಟ್ಟದಾಗಿ ಅನ್ನಿಸುತ್ತಿದೆ. ಒಂದು ಸಾಲು ಮುಗಿಯಿತು.

ಯಾರೂ ಓದುವುದಿಲ್ಲ ಎಂದ ಮೇಲೆ ಇನ್ನಷ್ಟು ಬರೆಯಬಹುದು. ಮೂವತ್ತೊಂದು ಚಳಿಗಾಲ ಈ ಊರಿನಲ್ಲಿ ಸ್ಕೀ ಕಲಿಸಿದ್ದೇನೆ. ಕಡಿದಾದ ಇಳಿಜಾರಿನಲ್ಲಿ, ಮಂಜು ಮುಸುಕಿ ಸ್ವಂತ ಕೈ ಕಾಣದಿರುವಾಗಲೂ ಒಂದು ಸಲವೂ ಬಿದ್ದು ಪೆಟ್ಟು ಮಾಡಿಕೊಂಡವಳಲ್ಲ. ಅಂಥವಳು ನವೆಂಬರಿನಲ್ಲಿ ಅಣ್ಣನ ನೆಲಮಾಳಿಗೆಯ ಮೂರು ಮೆಟ್ಟಿಲಿನಿಂದ ಆಲೂಗಡ್ಡೆ ಬುಟ್ಟಿಯ ಸಮೇತ ಬಿದ್ದೆ. ಮಂಡಿಯೊಳಗಿನ ಮೆತ್ತೆ ಹರಿದು ಆಪರೇಶನ್ ಆಯಿತು. ಯಾರಾದರೂ ಕೇಳಿದರೆ "ಮೇಲೆ, ಬೆಟ್ಟದಲ್ಲಿ ಬಿದ್ದಳು" ಎಂದು ಹೇಳು ಅಂತ ಅಣ್ಣ ಕಾಸಿಯಾನನಿಗೆ ತಾಕೀತು ಮಾಡಿದ್ದೆ. ಅವನು ಅದೇ ದಿನ ಬೇಕರಿಯಲ್ಲಿ ನಿಂತು ಆಲೂಗಡ್ಡೆಯಿಂದಲೇ ಕಥೆ ಶುರುಮಾಡಿದ.

ಇವತ್ತು ಕೊರ್ಬಿನಿಯಾನ್ ಹೂವು ಹಿಡಿದು ಬಂದಿದ್ದ. ನಾಲ್ಕು ವರ್ಷದವನಿದ್ದಾಗ ಮೂಗು ಸೋರಿಸಿಕೊಂಡು ನನ್ನ ಕಾಲುಗಳ ಮಧ್ಯೆ ನಿಂತು ಸ್ಕೀ ಕಲಿತವನು, ಈಗ ಗಡ್ಡ ಬಿಟ್ಟು ಸ್ಕೀ ಶಾಲೆಯ ಮುಖ್ಯಸ್ಥನಾಗಿದ್ದಾನೆ. ಬಂದದ್ದು ಹೂವು ಕೊಡುವುದಕ್ಕಲ್ಲ, ಪಂಜಿನ ಇಳಿತದ ಮಾತಾಡುವುದಕ್ಕೆ. ಮಾರ್ಚ್ ಒಂದರ ಸಂಜೆ ಶಾಲೆಯ ಶಿಕ್ಷಕರೆಲ್ಲ ಒಂದೊಂದು ಪಂಜು ಹಿಡಿದು ಬೆಟ್ಟದ ತುದಿಯಿಂದ ಸಾಲಾಗಿ ಸ್ಕೀಯಲ್ಲಿ ಇಳಿಯುತ್ತೇವೆ. ಹತ್ತೊಂಬತ್ತು ವರ್ಷದಿಂದ ಸಾಲಿನಲ್ಲಿ ಎಲ್ಲರಿಗಿಂತ ಮುಂದಿನ ಪಂಜು ನನ್ನದು.

"ಫೆಬ್ರವರಿ ಮುಗಿಯೋದ್ರೊಳಗೆ ಡಾಕ್ಟರ್ ಚೀಟಿ ತಂದು ತೋರಿಸು ಬುರ್ಗಿ, ಜಾಗ ನಿಂದೇ. ಇಲ್ಲಾಂದ್ರೆ ಲಿಯೋನಿಗೆ ಕೊಡಬೇಕಾಗತ್ತೆ."

"ಲಿಯೋನಿ ಇನ್ನೂ ಮಗು."

"ಇಪ್ಪತ್ತೊಂಬತ್ತು ಅವಳಿಗೆ."

ಚೀಟಿ ತಂದೇ ತರುತ್ತೇನೆ. ಆ ಜಾಗವೂ ಹೋದರೆ ಈ ಊರಿನಲ್ಲಿ ನಾನು ಯಾರು? ಆಲೂಗಡ್ಡೆಯ ಜೊತೆ ಬಿದ್ದವಳು, ಅಷ್ಟೆ.

ಡಿಸೆಂಬರ್ 30, ಸೋಮವಾರ

ಮಂಡಿ 82.

ಅಡುಗೆಮನೆಯಲ್ಲಿ ಕಾಲು ಚಾಚಿ ಕುಳಿತಿದ್ದೆ. ಅತ್ತಿಗೆ ಆಫ್ರಾ ಕ್ನೋಡೆಲ್ ಉಂಡೆ ಕಟ್ಟುತ್ತಿದ್ದಳು. ಹನ್ನೊಂದು ಕೋಣೆಯ ಈ ಅತಿಥಿಗೃಹ ನಡೆಯುವುದು ಅವಳೊಬ್ಬಳಿಂದ. ಅಣ್ಣ ಸೌದೆ ಒಡೆಯುತ್ತಾನೆ, ಅಭಿಪ್ರಾಯ ಕೊಡುತ್ತಾನೆ.

"ಸುಮ್ನೆ ಕೂತು ನನ್ನ ಉಂಡೆಗಳಿಗೆ ದೃಷ್ಟಿ ಹಾಕಬೇಡ" ಎಂದಳು ಆಫ್ರಾ. "ಆಚೆ ಒಲೆ ಪಕ್ಕ ಸ್ಕೀ ಮಾಡದ ಅತಿಥಿಗಳು ಕೂತಿದಾರೆ. ಬೆಳಗ್ಗೆಯಿಂದ ನಾಲ್ಕನೇ ಕಾಫಿ. ಅವರನ್ನ ಎಲ್ಲಾದ್ರೂ ಕರ್ಕೊಂಡು ಹೋಗು."

"ಎಲ್ಲಿಗೆ?"

"ಹೊರಗೆ."

"ಹೊರಗೆ ಹಿಮ ಇದೆ. ಹಿಮ ಇರೋದು ಸ್ಕೀ ಮಾಡೋಕೆ. ಸ್ಕೀ ಬೇಡದವರು ಇಲ್ಲಿಗೆ ಯಾಕೆ ಬರ್ತಾರೆ?"

"ನೀನೂ ಈಗ ಅವರ ಪೈಕೀನೇ ಅಲ್ವಾ" ಎಂದು ಉಂಡೆಯನ್ನು ಕುದಿಯುವ ನೀರಿಗೆ ಬಿಟ್ಟಳು.

ಗಾಯಕ್ಕೆ ಉಪ್ಪು ಸವರುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಸ್ಕೀ ಶಾಲೆಯಲ್ಲಿ ನಾವು ಅಂಥ ಅತಿಥಿಗಳನ್ನು ಕುರ್ಚಿಯವರು ಎಂದು ಕರೆಯುತ್ತೇವೆ. ಗಂಡನನ್ನೋ ಹೆಂಡತಿಯನ್ನೋ ಬೆಟ್ಟಕ್ಕೆ ಕಳಿಸಿ ಸಂಜೆಯವರೆಗೆ ಕುರ್ಚಿ ಬಿಸಿ ಮಾಡುವವರು. ಹೆಸರಿಟ್ಟವಳು ನಾನೇ.

ಜನವರಿ 2, ಗುರುವಾರ

ಮಂಡಿ 84.

ಕುರ್ಚಿಯವರನ್ನು ಕುದುರೆ ಎಳೆಯುವ ಜಾರುಬಂಡಿಯಲ್ಲಿ ಕೂರಿಸಿ ಕಳಿಸಿದೆ. ನಾನು ಹೋಗಲಿಲ್ಲ. ಸಂಜೆ ಕೆನ್ನೆ ಕೆಂಪು ಮಾಡಿಕೊಂಡು ಹಾಡು ಹೇಳುತ್ತ ಬಂದರು. ಕುದುರೆಯ ಹೆಸರು ಎಲ್ಲರಿಗೂ ಗೊತ್ತಾಗಿತ್ತು. ಐವತ್ತಾರು ವರ್ಷದಿಂದ ಇದೇ ಊರಿನಲ್ಲಿರುವ ನನಗೆ ಗೊತ್ತಿರಲಿಲ್ಲ.

ಜನವರಿ 5, ಭಾನುವಾರ

ಮಂಡಿ 86. ಇಷ್ಟು ನಿಧಾನಕ್ಕೆ ಬಗ್ಗುವ ಮಂಡಿ ಯಾರಿಗೂ ಬೇಡ.

ಉಳಿದವರು ಊರಿಗೆ ಹೋದರು. ಹೋಫ್‌ರಾಟ್ ಒಬ್ಬರೇ ಇದ್ದಾರೆ. ಅವರು ಮಾರ್ಚಿನವರೆಗೂ ಇರುತ್ತಾರೆ. ವಿಯೆನ್ನಾದಲ್ಲಿ ಭೂದಾಖಲೆ ಕಚೇರಿಯ ದೊಡ್ಡ ಅಧಿಕಾರಿಯಾಗಿದ್ದವರು, ಹೋಫ್‌ರಾಟ್ ಎಂಬುದು ಸರಕಾರ ಕೊಟ್ಟ ಪದವಿ. ಹೆಸರು ಎಗಿಡ್, ಆದರೆ ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಉಪ್ಪಿನ ಡಬ್ಬಿ ಮುಂದೆ ತಳ್ಳುವಾಗಲೂ ಆಫ್ರಾ "ತಗೊಳ್ಳಿ ಹೋಫ್‌ರಾಟ್ ಅವರೇ" ಎನ್ನುತ್ತಾಳೆ. ಅವರ ಹೆಂಡತಿ ಹೆಡ್ವಿಗ್ ವರ್ಷ ವರ್ಷವೂ ನನ್ನ ಜೊತೆ ಸ್ಕೀ ಮಾಡಿದವರು. ಎರಡು ವರ್ಷದ ಹಿಂದೆ ತೀರಿಕೊಂಡರು. ಆಮೇಲೂ ಇವರು ಬರುವುದು ಬಿಟ್ಟಿಲ್ಲ. ಯಾಕೆ ಬರುತ್ತಾರೆಂದು ನಾನು ಕೇಳಿರಲಿಲ್ಲ.

ಇವತ್ತು ಅವರನ್ನು ಕರೆದುಕೊಂಡು ಮೇಲಿನ ಪ್ರಾರ್ಥನಾ ಗುಡಿಯವರೆಗೆ ನಡೆದೆ. ನನಗೆ ಎರಡು ಊರುಗೋಲು, ಅವರಿಗೆ ಒಂದು. ಅರ್ಧ ದಾರಿಯಲ್ಲಿ ಸಾವಿರ ಮೀಟರಿನ ಕಂಬ ಬಂತು. ಅವರು ಗಕ್ಕನೆ ನಿಂತು, ಎಂದಿನಂತೆ ನನ್ನ ಪೂರ್ತಿ ಹೆಸರಿಗೆ ಶ್ರೀಮತಿ ಎಂಬರ್ಥದ ಫ್ರಾವ್ ಸೇರಿಸಿ ಕೇಳಿದರು.

"ಫ್ರಾವ್ ನೋಟ್‌ಬುರ್ಗಾ, ಇಲ್ಲಿಂದ ಮೇಲಕ್ಕೆ ಎಲ್ಲರೂ ಎಲ್ಲರಿಗೂ ನೀನು ಅನ್ನಬೇಕು ಅಲ್ವಾ?"

"ಹೌದು ಹೋಫ್‌ರಾಟ್ ಅವರೇ. ನಮ್ಮ ಬೆಟ್ಟದ ಪದ್ಧತಿ. ಸಾವಿರ ಮೀಟರ್ ದಾಟಿದ್ರೆ ಮಂತ್ರಿಗೂ ನೀನೇ."

"ಇಪ್ಪತ್ತೆರಡು ವರ್ಷ ಬಂದಿದೀನಿ, ಒಂದು ಸಲವೂ ಇದನ್ನ ದಾಟಿಲ್ಲ. ಹೆಡ್ವಿಗ್ ದಿನಾ ದಾಟ್ತಿದ್ದಳು. ಸಂಜೆ ಬಂದು, ಇವತ್ತು ಒಬ್ಬ ಜಡ್ಜ್‌ಗೆ ನೀನು ಅಂದೆ ಕಣ್ರೀ ಅಂತ ಹೇಳ್ತಿದ್ದಳು."

ಕೈಗವಸು ಕಳಚಿದರು, ಟೋಪಿ ತೆಗೆದರು, ಕಂಬ ದಾಟಿ ಒಂದು ಹೆಜ್ಜೆ ಇಟ್ಟು ನನ್ನತ್ತ ಕೈ ಚಾಚಿದರು. "ಎಗಿಡ್."

"ಬುರ್ಗಿ."

"ನೀನು ತುಂಬಾ ಜೋರಾಗಿ ನಡೀತೀಯ, ಬುರ್ಗಿ."

"ಎರಡು ಕೋಲಿನವಳಿಗಿಂತ ನೀನು ಹಿಂದೆ ಬಿದ್ರೆ ನಾನೇನು ಮಾಡ್ಲಿ, ಎಗಿಡ್?"

ಗುಡಿಯ ಮೆಟ್ಟಿಲ ಮೇಲೆ ಕುಳಿತು ರೊಟ್ಟಿ, ಹಂದಿಮಾಂಸದ ಚೂರು ತಿಂದೆವು. ಸ್ಕೀ ಯಾಕೆ ಕಲಿಯಲಿಲ್ಲ ಎಂದು ಕೇಳಿದೆ. ಹೆದರಿಕೆ ಎಂದ. ಅಷ್ಟು ಸರಳವಾಗಿ ಯಾರೂ ನನ್ನ ಹತ್ತಿರ ಹೇಳಿರಲಿಲ್ಲ. ಇಷ್ಟು ವರ್ಷ ಬಂದವರೆಲ್ಲ ಬೆನ್ನುನೋವು ಎನ್ನುತ್ತಿದ್ದರು. ಇಳಿಯುವಾಗ ಅದೇ ಕಂಬದ ಹತ್ತಿರ ಅವರು ಟೋಪಿ ಹಾಕಿಕೊಂಡು, "ನಡೀರಿ ಫ್ರಾವ್ ನೋಟ್‌ಬುರ್ಗಾ, ಕಾಫಿ ಹೊತ್ತಾಯ್ತು" ಎಂದರು. ನಾನು ನಕ್ಕೆ. ಆಲೂಗಡ್ಡೆಯ ನಂತರ ಮೊದಲ ಸಲ ನಕ್ಕಿರಬೇಕು.

ಜನವರಿ 13, ಸೋಮವಾರ

ಮಂಡಿ 95. ಫಿಸಿಯೊ ಹುಡುಗಿಗೆ ಸಂತೋಷ.

ಶನಿವಾರ ಇಂಕೆ ಎಂಬಾಕೆ ಬಂದಳು. ಉತ್ತರ ಜರ್ಮನಿಯ ಕಡಲ ದಂಡೆಯವಳು. ಅವರ ಊರಿನಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಸಮುದ್ರ ತಡೆಯುವ ಏರಿಯಂತೆ. ಗಂಡನೂ ಇಬ್ಬರು ಗಂಡುಮಕ್ಕಳೂ ಬೆಳಗ್ಗೆ ಎಂಟಕ್ಕೆ ಬೆಟ್ಟಕ್ಕೆ ಹೋದರೆ ಇವಳು ಕಿಟಕಿಯ ಹತ್ತಿರ ಕುಳಿತು ಕಾಲುಚೀಲ ಹೆಣೆಯುತ್ತಾಳೆ. ಮಾತು ಕಡಿಮೆ. ಏನು ಕೇಳಿದರೂ "ಹೂಂ, ಆಗಬಹುದು" ಎನ್ನುವವಳು.

ಇವಳಿಗೂ ಹೋಫ್‌ರಾಟರಿಗೂ ಇಳಿಜಾರಿನಲ್ಲಿ ಕುಳಿತು ಜಾರಲು ಹಿಮದ ಬಂಡಿ ಹುಡುಕೋಣವೆಂದು ಕೊಟ್ಟಿಗೆಯ ಅಟ್ಟ ತಡಕಿದಾಗ ಅಪ್ಪನ ಶ್ಟೋಕ್‌ಗಳು ಸಿಕ್ಕವು. ಹಿಡಿಕೆ ನೆಟ್ಟ ದುಂಡನೆಯ ಮರದ ದಿಮ್ಮಿ, ಸುತ್ತ ಕಬ್ಬಿಣದ ಪಟ್ಟಿ. ಹೆಪ್ಪುಗಟ್ಟಿದ ಕೆರೆಯ ಮೇಲೆ ಇದನ್ನು ಜಾರಿಸಬೇಕು. ದೂರದಲ್ಲಿಟ್ಟ ಡೌಬೆ ಎಂಬ ಸಣ್ಣ ಮರದ ತುಂಡಿಗೆ ಯಾರ ಶ್ಟೋಕ್ ಹತ್ತಿರ ನಿಲ್ಲುತ್ತದೋ ಅವರ ತಂಡಕ್ಕೆ ಸುತ್ತು. ಅಪ್ಪ ಊರಿನ ತಂಡಕ್ಕೆ ಮೋವರ್, ಅಂದರೆ ನಾಯಕನಾಗಿದ್ದ. ನಾನು ಇದನ್ನು ಮುದುಕರ ಆಟವೆಂದು ಒಮ್ಮೆಯೂ ಮುಟ್ಟಿರಲಿಲ್ಲ.

ಕೆರೆಯ ಮೇಲೆ ಗೆರೆ ಎಳೆದೆ. ಹೋಫ್‌ರಾಟರ ಶ್ಟೋಕ್ ಅರ್ಧ ದಾರಿಯಲ್ಲೇ ನಿಂತಿತು. ನನ್ನದು ಅಡ್ಡಾದಿಡ್ಡಿ ಹೋಗಿ ದಂಡೆಯ ಹಿಮಕ್ಕೆ ಮೂತಿ ತೂರಿತು. ಇಂಕೆ ಹೆಣಿಗೆಯ ಚೀಲವನ್ನು ಹೋಫ್‌ರಾಟರ ಕೈಗೆ ಕೊಟ್ಟು, ಶ್ಟೋಕನ್ನು ಎರಡು ಸಲ ತೂಗಿ ನೋಡಿ, ಬಗ್ಗಿ ಬಿಟ್ಟಳು. ಅದು ಸದ್ದಿಲ್ಲದೆ ಹೋಗಿ ಡೌಬೆಗೆ ಒತ್ತಿ ನಿಂತಿತು. ಇನ್ನೊಮ್ಮೆ ಬಿಟ್ಟಳು. ಮತ್ತೆ ಅಲ್ಲೇ.

"ನೀವು ಇದನ್ನ ಆಡಿದೀರಾ?"

"ಇಲ್ಲ. ನಮ್ಮ ಕಡೆ ಚಳಿಗಾಲದಲ್ಲಿ ರಸ್ತೆ ಮೇಲೆ ಗುಂಡು ಉರುಳಿಸ್ತೀವಿ. ಊರಿಂದ ಊರಿಗೆ. ನಮ್ಮಮ್ಮ ಹೊಟ್ಟೆಯಲ್ಲಿ ನನ್ನ ಇಟ್ಕೊಂಡೇ ಉರುಳಿಸಿದ್ದಳಂತೆ."

"ಮೊದಲೇ ಹೇಳಬಾರದಿತ್ತಾ?"

"ಯಾರೂ ಕೇಳಲಿಲ್ಲ" ಎಂದಳು.

ಕತ್ತಲಾಗುವವರೆಗೂ ಆಡಿದೆವು. ಬೆಟ್ಟದಿಂದ ಇಳಿದುಬಂದ ಅವಳ ಗಂಡ ಕೆರೆಯ ದಂಡೆಯಲ್ಲಿ ನಿಂತು ಹತ್ತು ನಿಮಿಷ ನೋಡಿದ. ಹೆಂಡತಿಯನ್ನು ಹೊಸದಾಗಿ ಪರಿಚಯಿಸಿದ ಹಾಗಿತ್ತು ಅವನ ಮುಖ.

ಜನವರಿ 17, ಶುಕ್ರವಾರ

ಮಂಡಿ 97 ಇರಬೇಕು. ಅಳತೆಪಟ್ಟಿ ಕೆರೆಯ ಹತ್ತಿರ ಮರೆತು ಬಂದಿದ್ದೇನೆ.

ಇಂಕೆಯದು ನಾಳೆ ಹೊರಡುವ ದಿನ. ಹಾಗಾಗಿ ಹಿಮಬಂಡಿಯ ದಾರಿ ತೋರಿಸೋಣವೆಂದು ಟ್ರ್ಯಾಕ್ಟರಿನಲ್ಲಿ ಎಲ್ಲರೂ ಮೇಲಿನ ಹಾಲುಮನೆಗೆ ಹೋದೆವು. ಮೊಟ್ಟೆ ತಲುಪಿಸಬೇಕೆಂದು ಆಫ್ರಾಳೂ ಹತ್ತಿದ್ದಳು. ವಾಪಸು ಟ್ರ್ಯಾಕ್ಟರಿನಲ್ಲೇ ಇಳಿಯುತ್ತೇನೆ ಎಂದವಳನ್ನು ನಾನು ಬಿಡಲಿಲ್ಲ. ನನಗೆ ಮಂಡಿ ನೆಟ್ಟಗಿಲ್ಲ, ಮುಂದೆ ಕುಳಿತು ಕಾಲಿನಿಂದ ತಿರುಗಿಸಲು ಯಾರಾದರೂ ಬೇಕು ಎಂದು ಸುಳ್ಳುನಿಜ ಸೇರಿಸಿ ಕೂರಿಸಿದೆ.

ಮೊದಲ ತಿರುವಿನಲ್ಲಿ ಆಫ್ರಾ ಕಿರುಚಿದಳು. ಎರಡನೆಯದರಲ್ಲೂ ಕಿರುಚಿದಳು. ಮೂರನೆಯದರಲ್ಲಿ ನಗುತ್ತಿದ್ದಳು. ಕೆಳಗೆ ಹಿಮದ ಗುಡ್ಡೆಗೆ ನುಗ್ಗಿ ನಿಂತಾಗ ಅವಳ ತಲೆವಸ್ತ್ರ ಎಲ್ಲೋ ಹಾರಿಹೋಗಿತ್ತು, ರೆಪ್ಪೆಯ ಮೇಲೆಲ್ಲ ಹಿಮ. ಹಾಗೇ ಬಿದ್ದುಕೊಂಡು ಹೇಳಿದಳು:

"ನಮ್ಮ ಮನೇಲಿ ನಾಲ್ಕು ಜೊತೆ ಸ್ಕೀ ಇತ್ತು ಬುರ್ಗಿ. ನಾಲ್ಕೂ ಅಣ್ಣಂದಿರದ್ದು. ನಂಗೆ ಸೌದೆ ಹೊರೋ ಬುಟ್ಟಿ. ನಾನು ಒಂದಿನವೂ ಹಿಮದ ಮೇಲೆ ಜಾರಿಲ್ಲ ಗೊತ್ತಾ."

ಇಪ್ಪತ್ತಾರು ವರ್ಷ ಒಂದೇ ಸೂರಿನಡಿ ಇದ್ದೇವೆ. ಇವಳಿಗೆ ಹಿಮ ಕಂಡರೆ ಸೋಮಾರಿತನ ಎಂದುಕೊಂಡಿದ್ದೆ. ಹಾಗೆಂದು ನಾಲ್ಕು ಜನರ ಮುಂದೆ ಹೇಳಿಯೂ ಇದ್ದೆ. ನಾಚಿಕೆಯಾಯಿತು.

"ನಾನು ಕಲಿಸ್ತೀನಿ. ಮಂಡಿ ಸರಿಹೋಗ್ಲಿ, ನಿಂಗೇ ಮೊದಲು."

"ಬೇಡಮ್ಮ, ನಿನ್ನ ಶಿಷ್ಯರಿಗೆ ನೀನು ಬೈಯೋದು ಕೇಳಿದೀನಿ. ನಂಗೆ ಇದೇ ಚೆನ್ನಾಗಿದೆ. ಟ್ರ್ಯಾಕ್ಟರ್ ಹೋಗಿಬಿಡ್ತಾ ನೋಡು, ಇನ್ನೊಂದು ಸಲ ಹೋಗೋಣ."

ಮೂರು ಸಲ ಹೋದೆವು. ರಾತ್ರಿಯ ಊಟ ಒಂದು ಗಂಟೆ ತಡವಾಯಿತು. ಅಣ್ಣ ಅಭಿಪ್ರಾಯ ಕೊಡಲು ಬಾಯಿ ತೆರೆದ, ಆಫ್ರಾ ಒಂದು ಬಿಸಿ ಕ್ನೋಡೆಲ್ ಅದರೊಳಗೆ ಇಟ್ಟಳು.

ಜನವರಿ 24, ಶುಕ್ರವಾರ

ಹೊಸಬರು ಒಂಬತ್ತು ಜನ. ಸುಸ್ತು. ಮಲಗುತ್ತೇನೆ.

ಫೆಬ್ರವರಿ 6, ಗುರುವಾರ

ಫಿಸಿಯೊ ಹುಡುಗಿ ಪುಸ್ತಕ ತೋರಿಸಿ ಎಂದಳು. ಅಂಕಿಗಳಿರುವ ಸಾಲನ್ನು ಮಾತ್ರ ಬೆರಳಿಟ್ಟು ತೋರಿಸಿದೆ. "ಮೂರು ವಾರದಿಂದ ಏನೂ ಇಲ್ವಲ್ಲ?" ಎಂದು ಗದರಿದಳು. ಹೊತ್ತು ಸಿಗುತ್ತಿಲ್ಲ ಎಂದೆ. ಕಾಲು ಅಲುಗಾಡಿಸದೆ ಕೂರಬೇಕಾದವರಿಗೆ ಅದೆಂಥ ಕೆಲಸ ಎಂದು ಕೇಳಿದಳು. ಹೇಳಲು ಹೊರಟರೆ ನನಗೇ ಆಶ್ಚರ್ಯವಾಯಿತು.

ಸೋಮವಾರ ಬೆಳಗ್ಗೆ ಹಿಮಪಾದುಕೆ ಕಟ್ಟಿಕೊಂಡು ಕಾಡಿಗೆ ಹೋಗುತ್ತೇವೆ, ಜಿಂಕೆಗಳಿಗೆ ಹುಲ್ಲು ಹಾಕುವ ಜಾಗದವರೆಗೆ. ಮಂಗಳವಾರ ಆಫ್ರಾ ಎಲ್ಲರಿಗೂ ಕೈಸರ್‌ಶ್ಮಾರ್ನ್ ಮಾಡುವುದು ಕಲಿಸುತ್ತಾಳೆ. ದಪ್ಪ ದೋಸೆ ಹುಯ್ದು ಬಾಣಲೆಯಲ್ಲೇ ಹರಿದು ಚೂರು ಮಾಡುವುದು. ಕಳೆದ ವಾರ ಗ್ರಾತ್ಸ್‌ನ ಒಬ್ಬ ದಂತವೈದ್ಯ ಅಷ್ಟೊಂದು ರೋಷದಿಂದ ಹರಿದ, ಅವನ ಹೆಂಡತಿಗೆ ಗಾಬರಿಯಾಯಿತು. ಬುಧವಾರ ಹಾಲುಮನೆಯ ಚೀಸ್ ನೆಲಮಾಳಿಗೆ, ಅದರ ಮೆಟ್ಟಿಲು ನಾನು ಕುಳಿತೇ ಇಳಿಯುತ್ತೇನೆ. ಗುರುವಾರ ಹಬೆಮನೆಯಲ್ಲಿ ಬೆವರಿ ಹಿಮದಲ್ಲಿ ಹೊರಳುವುದು. ಹೋಫ್‌ರಾಟ್ ಅಲ್ಲಿಗೂ ಟೋಪಿ ಹಾಕಿಕೊಂಡು ಬರುತ್ತಾರೆ. ಮಧ್ಯಾಹ್ನವೆಲ್ಲ ಕೆರೆ.

ನಿನ್ನೆ ನಮ್ಮವರಲ್ಲಿ ಒಬ್ಬ ಮುದುಕಿ, ಎಂಬತ್ತೊಂದು ವರ್ಷ, ಹಿಮದಲ್ಲಿ ಮಲಗಿ ಕೈಕಾಲು ಆಡಿಸಿ ರೆಕ್ಕೆಯ ಗುರುತು ಬಿಡಿಸಿ, ಏಳಲಾಗದೆ ಅಲ್ಲೇ ನಗುತ್ತಿದ್ದಳು. ಎಬ್ಬಿಸಲು ನಾನು ಮಂಡಿಯೂರಿ ಕುಳಿತೆ. ಯಾವ ಮಂಡಿಯೆಂದು ಆಮೇಲೆ ನೆನಪಾಯಿತು. ನೋವಿರಲಿಲ್ಲ.

ಕೊರ್ಬಿನಿಯಾನ್ ದಾರಿಯಲ್ಲಿ ಸಿಕ್ಕಿದ. ಪಂಜಿನ ಇಳಿತಕ್ಕೆ ಇನ್ನು ಮೂರೂವರೆ ವಾರ ಎಂದ. ಗೊತ್ತು ಎಂದೆ. ನಿಜ ಹೇಳಬೇಕೆಂದರೆ ಅವನು ಹೇಳುವವರೆಗೆ ಎರಡು ದಿನದಿಂದ ಅದರ ಯೋಚನೆ ಬಂದಿರಲಿಲ್ಲ. ಹಾಗಾಗಬಾರದು. ನಾಳೆಯಿಂದ ವ್ಯಾಯಾಮ ಎರಡು ಪಟ್ಟು.

ಫೆಬ್ರವರಿ 16, ಭಾನುವಾರ

ನನ್ನ ಬಾಯಿಗೆ ಬೀಗ ಹಾಕಬೇಕು.

ಚರ್ಚಿನಲ್ಲಿ ಪೂಜೆ ಮುಗಿಸಿ ಎಲ್ಲರೂ ಹೆಂಡದಂಗಡಿಯಲ್ಲಿ ಕುಳಿತಿದ್ದೆವು. ಚಳಿಗಾಲದ ಕೊನೆಗೆ ಸ್ಕೀ ಶಾಲೆಯವರಿಗೂ ಅಗ್ನಿಶಾಮಕ ದಳದವರಿಗೂ ಕೆರೆಯ ಮೇಲೆ ಶ್ಟೋಕ್ ಪಂದ್ಯ ಇರುತ್ತದೆ. ಸೋತವರು ಏಪ್ರನ್ ಕಟ್ಟಿಕೊಂಡು ಗೆದ್ದವರಿಗೆ ಹುರಿದ ಹಂದಿಯನ್ನೂ ಕ್ನೋಡೆಲನ್ನೂ ಬಡಿಸಬೇಕು. ಮೂರು ವರ್ಷ ಸತತ ಏಪ್ರನ್ ಕಟ್ಟಿದ ದಳದವರು ಈ ಸಲ ಬೇಡಪ್ಪ ಎಂದುಬಿಟ್ಟರು.

"ಇನ್ಯಾರಿದಾರೆ ನಮ್ಮ ಎದುರು?" ಎಂದು ಕೊರ್ಬಿನಿಯಾನ್ ಗಡ್ಡ ನೀವಿದ. "ಬುರ್ಗಿಯ ಕುರ್ಚಿಯವರನ್ನ ಕರೀಬೇಕಷ್ಟೆ. ಕುರ್ಚಿ ಸಮೇತ ಬರ್ಲಿ, ಜಾರಿಸೋಕೆ ಸುಲಭ."

ಎಲ್ಲರೂ ನಕ್ಕರು. ಡಿಸೆಂಬರಿನಲ್ಲಾಗಿದ್ದರೆ ನಾನೂ ನಗುತ್ತಿದ್ದೆ. ಪಕ್ಕದ ಮೇಜಿನಲ್ಲಿ ಹೋಫ್‌ರಾಟ್ ಚಮಚವನ್ನು ಸದ್ದಾಗದಂತೆ ತಟ್ಟೆಯ ಮೇಲಿಟ್ಟರು.

"ಬರ್ತೀವಿ" ಎಂದೆ. "ಏಪ್ರನ್‌ಗೆ ಇಸ್ತ್ರಿ ಹಾಕಿಟ್ಟಿರು. ನಿನ್ನ ಸೊಂಟದ ಅಳತೆ ನಂಗೆ ಗೊತ್ತಿದೆ."

ನಾಲ್ವರು ಬೇಕು. ಹೋಫ್‌ರಾಟ್, ಆಫ್ರಾ, ನಾನು. ಇಂಕೆಗೆ ಫೋನು ಮಾಡಿದೆ. ಹತ್ತಿರ ಹತ್ತಿರ ಸಾವಿರ ಕಿಲೋಮೀಟರ್ ದೂರ, ರೈಲು ಮೂರು ಕಡೆ ಬದಲಿಸಬೇಕು, ಬರಲು ಆಗುತ್ತದಾ ಎಂದು ಕೇಳಿದೆ. ಹೆಣಿಗೆಯ ಕಡ್ಡಿ ಕೆಳಗಿಟ್ಟ ಸದ್ದು ಕೇಳಿಸಿತು.

"ಹೂಂ, ಆಗಬಹುದು" ಎಂದಳು.

ಫೆಬ್ರವರಿ 27, ಗುರುವಾರ

ಪೇಟೆಯ ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರ್ ಮಂಡಿಯನ್ನು ಬಗ್ಗಿಸಿದರು, ತಿರುಗಿಸಿದರು, ಒತ್ತಿದರು. "ಚೆನ್ನಾಗಿದೆ. ಯಂತ್ರದಿಂದ ಹದ ಮಾಡಿದ ಇಳಿಜಾರಿನಲ್ಲಿ ನಿಧಾನವಾಗಿ ಸ್ಕೀ ಮಾಡಬಹುದು" ಎಂದು ಚೀಟಿ ಬರೆದುಕೊಟ್ಟರು. "ಇನ್ನೇನಾದರೂ ಕೇಳೋದಿದೆಯಾ?"

"ಡಾಕ್ಟ್ರೇ, ಒಂದು ಕಾಲು ಮುಂದಿಟ್ಟು ಪೂರ್ತಿ ಬಗ್ಗಿ, ಬಲಗೈಯಲ್ಲಿ ಐದು ಕಿಲೋ ತೂಕ ಹಿಡಿದು ಮಂಜುಗಡ್ಡೆ ಮೇಲೆ ತಳ್ಳಬಹುದಾ? ಭಾನುವಾರ?"

ಅವರು ಕನ್ನಡಕದ ಮೇಲಿನಿಂದ ನೋಡಿದರು. "ತಳ್ಳಿ. ಎದ್ದೇಳುವಾಗ ಯಾರದಾದರೂ ಕೈ ಹಿಡ್ಕೊಳ್ಳಿ."

ಬಸ್ಸು ಅರ್ಧ ದಾರಿ ಬಂದ ಮೇಲೆ ಪಂಜಿನ ಇಳಿತದ ಬಗ್ಗೆ ಕೇಳಲೇ ಇಲ್ಲವಲ್ಲ ಎಂದು ನೆನಪಾಯಿತು. ಚೀಟಿಯಲ್ಲಿ ಸ್ಕೀ ಎಂದು ಬರೆದಿದೆ, ಸಾಕು. ಎರಡು ತಿಂಗಳು ಕಾದ ಚೀಟಿ. ಕೋಟಿನ ಒಳಜೇಬಿನಲ್ಲಿಟ್ಟು ಎರಡು ಸಲ ಮುಟ್ಟಿ ನೋಡಿದೆ.

ಇಂಕೆ ಸಂಜೆ ಬಂದಿಳಿದಳು. ಗಂಡನನ್ನು ಮನೆಯಲ್ಲಿ ಬಿಟ್ಟು ಬಂದಿದ್ದಾಳೆ. ನಾಲ್ವರಿಗೂ ಒಂದೇ ಬಣ್ಣದ ಕಾಲುಚೀಲ ಹೆಣೆದು ತಂದಿದ್ದಾಳೆ.

ಫೆಬ್ರವರಿ 28, ಶುಕ್ರವಾರ

ನಿನ್ನೆ ರಾತ್ರಿಯಿಂದ ದಕ್ಷಿಣದ ಬಿಸಿಗಾಳಿ ಬೀಸುತ್ತಿದೆ. ಸೂರಿನಿಂದ ನೀರು ತೊಟ್ಟಿಕ್ಕುತ್ತಿದೆ. ಭಾನುವಾರದ ಹೊತ್ತಿಗೆ ಕೆರೆಯ ಮೇಲೆ ಕಾಲಿಡಲಾಗುವುದಿಲ್ಲವೆಂದು ಪಂದ್ಯವನ್ನು ನಾಳೆ ಮಧ್ಯಾಹ್ನ ಎರಡಕ್ಕೆ ತಂದರು. ಸಂಜೆ ಏಳಕ್ಕೆ ಪಂಜಿನ ಇಳಿತ.

ಕೊರ್ಬಿನಿಯಾನ್ ಬಂದ. "ಚೀಟಿ?"

ತೆಗೆದು ಕೊಟ್ಟೆ. ಓದಿ ಅವನ ಮುಖ ಅರಳಿತು. ಆ ಹುಡುಗನಿಗೆ ನನ್ನ ಮೇಲೆ ಪ್ರೀತಿ ಇದೆ, ಅದರಲ್ಲಿ ಅನುಮಾನವಿಲ್ಲ. "ಹಾಗಾದ್ರೆ ಮುಂದಿನ ಪಂಜು ನಿಂದೇ. ನಾಳೆ ಮೂರು ಗಂಟೆಗೆ ಮೇಲೆ ಹೋಗು. ಬಿಸಿಗಾಳಿಗೆ ದಾರಿ ಹದಗೆಟ್ಟಿದೆ, ಮುಂದಾಳು ಬೆಳಕಿದ್ದಾಗಲೇ ಒಂದು ಸಲ ಇಳಿದು ನೋಡಬೇಕು. ಅದನ್ನ ಬೇರೆಯವರು ನೋಡಿದ್ರೆ ಆಗಲ್ಲ, ನಿಂಗೇ ಗೊತ್ತು."

"ಮೂರು ಗಂಟೆಗೆ ನಾನು ಕೆರೆ ಮೇಲಿರ್ತೀನಿ."

"ನಿನ್ನ ಬದಲು ಯಾರನ್ನಾದ್ರೂ ಹಾಕು."

"ನಾನು ಮೋವರ್ ಕಣೋ."

"ಬುರ್ಗಿ, ಇದು ಪಂಜಿನ ಇಳಿತ. ಅದು ನಾಲ್ಕು ಜನ ಮರದ ತುಂಡು ತಳ್ಳೋ ಆಟ."

ಅವನು ಹೇಳಿದ್ದು ಸರಿ. ಹತ್ತೊಂಬತ್ತು ವರ್ಷ ನಾನೂ ಅದನ್ನೇ ಹೇಳುತ್ತಿದ್ದೆ. ಬಾಗಿಲ ಹೊರಗೆ ಅಂಗಳದಲ್ಲಿ ಹೋಫ್‌ರಾಟ್ ಶ್ಟೋಕ್ ಇಲ್ಲದೆಯೇ ಕೈ ಬೀಸಿ ಅಭ್ಯಾಸ ಮಾಡುತ್ತಿದ್ದರು, ಇಂಕೆ ಅವರ ಮೊಣಕೈಯನ್ನು ಎರಡು ಬೆರಳಿನಿಂದ ಸರಿಪಡಿಸುತ್ತಿದ್ದಳು. ಒಳಗೆ ಆಫ್ರಾ ಪಾತ್ರೆ ತೊಳೆಯುವುದು ನಿಲ್ಲಿಸಿದ್ದು ಗೊತ್ತಾಯಿತು.

"ಲಿಯೋನಿಗೆ ಕೊಡು" ಎಂದೆ. "ದೊಡ್ಡ ಬಂಡೆ ದಾಟಿದ ಮೇಲೆ ಎಡಕ್ಕೆ ತುಂಬಾ ಹೋಗಬೇಡ ಅಂತ ಹೇಳು. ಅಲ್ಲಿ ಈ ಗಾಳಿಗೆ ಹಿಮ ಕುಸಿಯತ್ತೆ."

ಹೇಳಿದ ಮೇಲೆ ಅಳು ಬರುತ್ತದೆ ಎಂದುಕೊಂಡಿದ್ದೆ. ಹಸಿವಾಯಿತು. ಎರಡು ಬಟ್ಟಲು ಸೂಪು ಕುಡಿದೆ.

ಮಾರ್ಚ್ 2, ಭಾನುವಾರ

ನಿನ್ನೆಯದೆಲ್ಲ ಬರೆಯಬೇಕು. ಊರು ಇನ್ನೂ ಎದ್ದಿಲ್ಲ.

ಕೆರೆಯ ಮೇಲೆ ತೆಳುವಾಗಿ ನೀರು ನಿಂತಿತ್ತು. ಅರ್ಧ ಊರು ದಂಡೆಯಲ್ಲಿ. ಬೆಳಗ್ಗೆ ಸ್ಕೀ ಶಾಲೆಯ ಮುಂದೆ ಹಾದುಹೋಗುವಾಗ ಒಳಗಿನಿಂದ ಮೇಣ ಕಾಸಿದ ವಾಸನೆ ಬಂದಿತ್ತು. ಕಿಟಕಿಯಲ್ಲಿ ಇಣುಕಿದೆ. ಕೊರ್ಬಿನಿಯಾನ್ ಇಸ್ತ್ರಿಪೆಟ್ಟಿಗೆ ಹಿಡಿದು ಶ್ಟೋಕ್‌ನ ಅಡಿಗೆ ಹಳದಿ ಮೇಣ ಹಚ್ಚುತ್ತಿದ್ದ, ಒದ್ದೆ ಹಿಮದಲ್ಲಿ ಸ್ಕೀಗೆ ಹಚ್ಚುವಂಥದು. ಎಚ್ಚರಿಸಲು ಬಾಯಿ ತೆರೆದವಳು ನುಂಗಿಕೊಂಡೆ. ಸ್ಕೀ ಶಾಲೆಯವರಿಗೆ ಹಿಮ ಒದ್ದೆಯಾಯಿತೆಂದರೆ ಕೈ ತಾನಾಗಿ ಮೇಣಕ್ಕೆ ಹೋಗುತ್ತದೆ. ನಾನು ಅವರ ತಂಡದಲ್ಲಿದ್ದಿದ್ದರೆ ಆ ಇಸ್ತ್ರಿಪೆಟ್ಟಿಗೆ ನನ್ನ ಕೈಯಲ್ಲಿರುತ್ತಿತ್ತು.

ಕೊರ್ಬಿನಿಯಾನನ ಮೊದಲ ಶ್ಟೋಕ್ ಡೌಬೆಯನ್ನು ದಾಟಿತು, ಗೆರೆ ದಾಟಿತು, ಕೆರೆಯನ್ನೂ ದಾಟಿತು. ಜೊಂಡಿನಲ್ಲಿದ್ದ ಬಾತುಕೋಳಿಗಳು ಎದ್ದು ಹಾರಿದವು. ಅವನ ತಂಡದ ಉಳಿದ ಮೂವರದೂ ಅದೇ ದಾರಿ ಹಿಡಿದವು. ಮೇಣ ಮರದೊಳಕ್ಕೆ ಇಳಿದಿತ್ತು, ಕೆರೆದರೂ ಹೋಗಲಿಲ್ಲ, ಆಟ ಶುರುವಾದ ಮೇಲೆ ಶ್ಟೋಕ್ ಬದಲಿಸುವಂತಿಲ್ಲ. ಎರಡು ಸುತ್ತು ನಮಗೆ ಬಂತು. ಆದರೆ ಅವರೇನು ಪೆದ್ದರಲ್ಲ. ಮುಂದಿನ ಎರಡು ಸುತ್ತಿನಲ್ಲಿ ಹೂವು ಬಿಟ್ಟಂತೆ ಮೆಲ್ಲಗೆ ಬಿಡತೊಡಗಿದರು, ಸಮಸಮ ಮಾಡಿದರು.

ಕೊನೆಯ ಸುತ್ತು. ಆಫ್ರಾ ಸೌದೆ ಬುಟ್ಟಿ ಇಳಿಸುವ ಹಾಗೆ ದೊಪ್ಪನೆ ಬಿಟ್ಟಳು, ಆದರೂ ಒಂದು ಗಜ ದೂರದಲ್ಲಿ ನಿಂತಿತು. ಇಂಕೆಯದು ನೀರಿನ ಗುಂಡಿಗೆ ಸಿಕ್ಕಿ ಮೊದಲ ಸಲ ತಪ್ಪಿತು. ಅವಳು ನನ್ನ ಕಡೆ ನೋಡಲಿಲ್ಲ. ಹೋಫ್‌ರಾಟ್ ಬಂದು ನಿಂತರು. ಶ್ಟೋಕ್ ಎತ್ತಿ, ಮತ್ತೆ ಕೆಳಗಿಟ್ಟರು.

"ಹೆದರಿಕೆ ಆಗ್ತಿದೆ" ಎಂದರು ಮೆಲ್ಲಗೆ.

"ಆಗ್ಲಿ ಎಗಿಡ್. ಹೆದರಿಕೊಂಡೇ ಬಿಡು" ಎಂದೆ. ಕೆರೆ ಇರುವುದು ಒಂಬೈನೂರ ಮೂವತ್ತು ಮೀಟರಿನಲ್ಲಿ. ಇಡೀ ಊರು ಕೇಳಿಸಿಕೊಂಡಿತು. ಅವರು ಟೋಪಿ ತೆಗೆದು ನನ್ನ ಕೈಗೆ ಕೊಟ್ಟು ಬಿಟ್ಟರು. ಶ್ಟೋಕ್ ತೂಕಡಿಸುತ್ತ ಹೋಗಿ ಡೌಬೆಯಿಂದ ಒಂದು ಗೇಣು ಆಚೆ ನಿಂತಿತು. ಆಮೇಲೆ ಕೊರ್ಬಿನಿಯಾನನದು ಬಂದು ಇನ್ನೂ ಹತ್ತಿರ, ನಾಲ್ಕೇ ಬೆರಳಿನ ದೂರದಲ್ಲಿ ನಿಂತುಬಿಟ್ಟಿತು.

ಉಳಿದವಳು ನಾನು. ಡೌಬೆಯ ಹತ್ತಿರ ನಿಲ್ಲಿಸಲು ಜಾಗವೇ ಇರಲಿಲ್ಲ, ಅವನದನ್ನು ಹೊಡೆದು ತೆಗೆಯಬೇಕು. ಕಾಲು ಮುಂದಿಟ್ಟು ಪೂರ್ತಿ ಬಗ್ಗಿದೆ. ಎಷ್ಟು ಡಿಗ್ರಿಯೋ ದೇವರಿಗೇ ಗೊತ್ತು. ಬಿಟ್ಟೆ. ಠಣ್ ಎಂದು ಕಬ್ಬಿಣಕ್ಕೆ ಕಬ್ಬಿಣ ತಾಗಿತು. ಮೇಣ ಹಚ್ಚಿದ ಶ್ಟೋಕ್ ಅಲ್ಲವೇ, ಸಣ್ಣ ಏಟಿಗೇ ಅದು ಜೊಂಡಿನವರೆಗೆ ಓಡಿತು. ನನ್ನದೂ ಅದರ ಹಿಂದೆ ಹೋಯಿತು. ಡೌಬೆಯ ಪಕ್ಕದಲ್ಲಿ ಹೋಫ್‌ರಾಟರದು ಒಂದೇ ಉಳಿಯಿತು.

ನಾನು ಬಗ್ಗಿದವಳು ಬಗ್ಗಿಯೇ ಇದ್ದೆ, ಯಾರಾದರೂ ಕೈ ಕೊಡಲಿ ಎಂದು. ಮೂರು ಕೈ ಒಟ್ಟಿಗೆ ಬಂದವು. ಹೋಫ್‌ರಾಟ್ ಬಾಯಿ ಬಿಟ್ಟು ಅಳುತ್ತಿದ್ದರು. "ಹೆಡ್ವಿಗ್ ನೋಡಬೇಕಿತ್ತು" ಎಂದರು. ಹೌದು, ನೋಡಬೇಕಿತ್ತು. ನನಗೂ ಅಳು ಬಂತು, ತಡೆಯಲಿಲ್ಲ.

ಐದು ಗಂಟೆಗೆ ಸ್ಕೀ ಶಾಲೆಯವರು ಏಪ್ರನ್ ಕಟ್ಟಿ ಬಡಿಸಿದರು. ಆಫ್ರಾ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಸ್ವಂತ ಊಟದ ಮನೆಯಲ್ಲಿ ಕುಳಿತು ಬಡಿಸಿಕೊಂಡಳು, "ಇನ್ನೊಂದು ಕ್ನೋಡೆಲ್ ತಗೊಂಡು ಬಾರಪ್ಪ, ಬಿಸಿಯಿರ್ಲಿ" ಎಂದು ಕೊರ್ಬಿನಿಯಾನನನ್ನು ನಾಲ್ಕು ಸಲ ಓಡಿಸಿದಳು. ಅವರು ಆರಕ್ಕೆ ಬಿದ್ದಂಬೀಳ ಮೇಲೆ ಓಡಿದರು.

ಏಳಕ್ಕೆ ಊರಿನ ದೀಪಗಳನ್ನೆಲ್ಲ ಆರಿಸಿದರು. ನಾವು ನಾಲ್ವರೂ ಕೆರೆಯ ದಂಡೆಯಲ್ಲಿ ನಿಂತಿದ್ದೆವು. ಎಲ್ಲಿ ನೋಡಬೇಕೆಂದೇ ನನಗೆ ಗೊತ್ತಿರಲಿಲ್ಲ. ಹೋಫ್‌ರಾಟ್ ನನ್ನ ತೋಳು ಹಿಡಿದು ತಿರುಗಿಸಿದರು. "ಅಲ್ಲಿ, ಎರಡು ಮರದ ನಡುವೆ. ಮೊದಲು ಒಂದೇ ಕಾಣತ್ತೆ. ಆಮೇಲೆ ಬಂಡೆಯ ಹಿಂದೆ ಹೋಗತ್ತೆ, ಒಂಬತ್ತು ಎಣಿಸು."

ಒಂದೇ ಒಂದು ಬೆಳಕು ಕಾಣಿಸಿತು. ಲಿಯೋನಿ. ಅವಳ ಹಿಂದೆ ಎರಡು, ಐದು, ಹತ್ತು. ಬಂಡೆಯ ಹಿಂದೆ ಎಲ್ಲ ಮರೆಯಾದವು. ಒಂಬತ್ತು ಎಣಿಸಿದೆ. ಕಪ್ಪು ಬೆಟ್ಟದ ಮೈಮೇಲೆ ಇಡೀ ಸಾಲು ಒಮ್ಮೆಲೇ ಹರಿದು ಬಂತು, ಎಡಕ್ಕೆ ತುಂಬಾ ಹೋಗದೆ, ನಾನು ಹೇಳಿಕಳಿಸಿದ ಜಾಗದಲ್ಲೇ ತಿರುಗಿತು. ನಡುವೆ ಒಂದು ಪಂಜಿನ ಬೆಳಕಿನಲ್ಲಿ ಬಿಳಿಯದೇನೋ ಪಟಪಟ ಹಾರುತ್ತಿತ್ತು. ಕೊರ್ಬಿನಿಯಾನ್ ಏಪ್ರನ್ ಬಿಚ್ಚಲು ಮರೆತಿದ್ದ.

ಈ ಇಳಿತ ಶುರುವಾದಾಗಿನಿಂದ ಮೂವತ್ತೊಂದು ವರ್ಷ ನಾನು ಆ ಸಾಲಿನೊಳಗಿದ್ದೆ. ಒಳಗಿದ್ದವರಿಗೆ ಕಾಣುವುದು ಹೊಗೆ, ಕಾಲಡಿಯ ಒಂದು ಗಜ ಹಿಮ, ಅಷ್ಟೆ. ಇದು ಇಷ್ಟು ಚೆಂದವೆಂದು ನನಗೆ ಗೊತ್ತಿರಲಿಲ್ಲ.

"ಯಾರೂ ನಂಗೆ ಹೇಳಲೇ ಇಲ್ಲ" ಎಂದೆ.

"ನಾವು ವರ್ಷಾ ವರ್ಷಾ ಇಲ್ಲೇ ನಿಂತು ಕೈ ತಟ್ತಿದ್ವಲ್ಲ" ಎಂದ ಎಗಿಡ್. "ಕೇಳಿಸ್ತಿರಲಿಲ್ವಾ ನಿಂಗೆ?"

"ಇಲ್ಲ. ಮೇಲೆ ಬರೀ ಗಾಳಿಯ ಸದ್ದು. ಏನೂ ಕೇಳಿಸಲ್ಲ."

ಇಂಕೆ ತಟ್ಟತೊಡಗಿದ್ದಳು, ಆಫ್ರಾ ಕೂಡ. ನಾನು ಕೈಗವಸು ಕಳಚಿ ಜೇಬಿಗಿಟ್ಟೆ. ಲಿಯೋನಿಗೆ ಕೇಳಿಸುವುದಿಲ್ಲವೆಂದು ಇಡೀ ದಂಡೆಯಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಕೊನೆಯ ಪಂಜು ಇಳಿದು ಬರುವವರೆಗೂ ತಟ್ಟಿದೆ. ಇವತ್ತು ಪೆನ್ನು ಹಿಡಿದರೆ ಅಂಗೈ ಇನ್ನೂ ಉರಿಯುತ್ತಿದೆ.